ಬರೆಸಿದವರು, ಕಾದವರು, ಓದಿದವರು: ಮೂಡುಬಿದಿರೆಯ ಧವಳ ಪ್ರತಿಗಳು



ಇಂದಿನ ದತ್ತಿ ಉಪನ್ಯಾಸದ ವಿಷಯ ಚಿತ್ರಗಳಿರುವ ಧರ್ಮಗ್ರಂಥಗಳು, ಅದರಲ್ಲೂ ಹನ್ನೆರಡನೆಯ ಶತಮಾನದ ಕೈಬರಹದ ಪ್ರತಿಗಳು. ಆ ಶತಮಾನದಲ್ಲಿ, 1133ರಲ್ಲಿ, ಬೈಜಾಂಟಿಯಂ ಸಾಮ್ರಾಜ್ಯದ ಥಿಯೊಕ್ಟಿಸ್ಟೋಸ್ ಎಂಬ ಲಿಪಿಕಾರ ಕ್ರೈಸ್ತರ ಹೊಸ ಒಡಂಬಡಿಕೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದು ಮುಗಿಸಿದ. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು, 1113ರ ಆಸುಪಾಸಿನಲ್ಲಿ, ನಮ್ಮ ಕನ್ನಡ ನಾಡಿನಲ್ಲಿ ಧವಳ ಎಂಬ ಜೈನ ಸಿದ್ಧಾಂತ ಗ್ರಂಥದ ಒಂದು ಪ್ರತಿ ತಾಳೆಗರಿಯ ಮೇಲೆ, ಹಳಗನ್ನಡ ಲಿಪಿಯಲ್ಲಿ, ಬಣ್ಣದ ಚಿತ್ರಗಳೊಡನೆ ಸಿದ್ಧವಾಯಿತು. ಅದು ಇಂದು ಮೂಡುಬಿದಿರೆಯಲ್ಲಿದೆ. ದಿಗಂಬರ ಜೈನರ ಸಚಿತ್ರ ಹಸ್ತಪ್ರತಿಗಳಲ್ಲಿ ನಮಗೆ ತಿಳಿದ ಮಟ್ಟಿಗೆ ಅತ್ಯಂತ ಹಳೆಯವು ಈ ಮೂಡುಬಿದಿರೆಯ ಪ್ರತಿಗಳೇ.

ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಈ ಗ್ರಂಥಗಳನ್ನು ಹೇಗೆ ಮಾಡಿದರು ಮತ್ತು ಅವುಗಳಲ್ಲಿ ಚಿತ್ರಕ್ಕೆ ಏನು ಕೆಲಸ ಎಂಬುದು ಮೊದಲನೆಯದು. ಅವುಗಳನ್ನು ಬರೆಸಿದವರು ಯಾರು ಎಂಬುದು ಎರಡನೆಯದು. ಬಸದಿಯ ಒಳಗಿದ್ದ ಗ್ರಂಥ ಓದುಗರ ಕೈಗೆ ಬಂದ ಬಗೆ ಮೂರನೆಯದು. ಇಂಥ ಗ್ರಂಥ ಎಲ್ಲಿರಬೇಕು, ಯಾರು ಕಾಯಬೇಕು ಎಂಬ ಪ್ರಶ್ನೆ ಕೊನೆಯದು. ಈ ನಾಲ್ಕೂ ಭಾಗಗಳ ಹಿಂದೆ ಇರುವ ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಂಥವನ್ನು ಕಾಯುವುದು, ಅದರ ಪ್ರತಿ ಮಾಡುವುದು ಎರಡೂ ಒಂದೇ ಧರ್ಮ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಮಾಡಿದ ಕಡೆಯಲ್ಲೆಲ್ಲ ಗ್ರಂಥ ಸೊರಗಿದೆ.

ಮೊದಲನೆಯ ವಿಷಯಕ್ಕೆ ಬರುತ್ತೇನೆ.

ಬೈಜಾಂಟಿಯಂನ ಲಿಪಿಕಾರರು ಬರೆದದ್ದು ಹದಮಾಡಿದ ಚರ್ಮದ ಮೇಲೆ. ಕುರಿ, ಮೇಕೆ, ಕರುಗಳ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಕೆರೆದು ನಯಮಾಡುತ್ತಿದ್ದರು. ಒಂದು ದೊಡ್ಡ ಗ್ರಂಥಕ್ಕೆ ಒಂದು ಹಿಂಡಿನಷ್ಟೇ ಪಶುಗಳು ಬೇಕಾಗುತ್ತಿದ್ದವು. ಆ ಹಾಳೆಯ ಮೇಲೆ ಚಿನ್ನದ ತಗಡನ್ನು ಅಂಟಿಸಿ, ಅದರ ಹಿನ್ನೆಲೆಯಲ್ಲಿ ಸಂತರ ಆಕೃತಿಗಳನ್ನು ಬಿಡಿಸುತ್ತಿದ್ದರು. ಸುವಾರ್ತೆಯ ಪುಸ್ತಕವಾದರೆ ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರೂ ಬರೆಯುತ್ತ ಕುಳಿತಿರುವ ಚಿತ್ರಗಳನ್ನು ಅವರವರ ಸುವಾರ್ತೆಯ ಮೊದಲಿಗೆ ಇಡುವ ಪದ್ಧತಿಯಿತ್ತು.

ನಮ್ಮಲ್ಲಿ ಹಾಳೆಯನ್ನು ಕೊಟ್ಟದ್ದು ತಾಳೆಮರ. ಕನ್ನಡದ ಓಲೆಗರಿಗಳಲ್ಲಿ ಹೆಚ್ಚಿನವನ್ನು ಕಂಟದಿಂದ ಕೊರೆದು, ಆಮೇಲೆ ಮಸಿ ಸವರಿ ಒರೆಸುತ್ತಿದ್ದರು. ಕೊರೆದ ಗೆರೆಯಲ್ಲಿ ಮಸಿ ನಿಲ್ಲುತ್ತಿತ್ತು, ಮಿಕ್ಕದ್ದು ಹೋಗುತ್ತಿತ್ತು. ಮೂಡುಬಿದಿರೆಯ ಧವಳ ಪ್ರತಿಗಳ ರೀತಿ ಬೇರೆ. ಅವು ಶ್ರೀತಾಳೆಯ ಗರಿಗಳು, ಅವುಗಳ ಮೇಲೆ ಶಾಯಿಯಿಂದ ಬರೆದಿದ್ದಾರೆ. ಶ್ರೀತಾಳೆ ಕರಾವಳಿಯಲ್ಲಿ ಬೆಳೆಯುವ ಮರ, ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು ಒಣಗಿಹೋಗುತ್ತದೆ. ಅದರ ಗರಿ ಸಾಮಾನ್ಯ ತಾಳೆಗರಿಗಿಂತ ಅಗಲ ಮತ್ತು ತೆಳು. ಶಾಯಿಯನ್ನೂ ಬಣ್ಣವನ್ನೂ ಅದು ಹಿಡಿದುಕೊಳ್ಳುತ್ತದೆ. ಉದ್ದನೆಯ ಗರಿಯಲ್ಲಿ ದುಂಡಗಿನ ದೊಡ್ಡ ಅಕ್ಷರಗಳ ಸಾಲುಗಳಿವೆ, ನಡುವೆ ದಾರ ಪೋಣಿಸಲು ತೂತುಗಳಿವೆ. ಕೆಲವು ಗರಿಗಳಲ್ಲಿ ಬರಹದ ನಡುವೆ ಜಾಗ ಬಿಟ್ಟು, ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಚಿತ್ರ ಬರೆದಿದ್ದಾರೆ. ಪದ್ಮಾಸನದಲ್ಲಿ ಕುಳಿತ ತೀರ್ಥಂಕರರು, ಚಾಮರಧಾರಿಗಳು, ಹೆಡೆಯ ನೆರಳಿನ ಪಾರ್ಶ್ವನಾಥ, ಬಳ್ಳಿ ಸುತ್ತಿಕೊಂಡ ಬಾಹುಬಲಿ, ಯಕ್ಷ ಯಕ್ಷಿಯರು, ಕೈಮುಗಿದ ಭಕ್ತರು ಅಲ್ಲಿದ್ದಾರೆ. ಕಲಾ ಇತಿಹಾಸಕಾರರಾದ ಸಿ. ಶಿವರಾಮಮೂರ್ತಿ, ಸರಯೂ ದೋಶಿ ಮೊದಲಾದವರು ಇವುಗಳ ಬಗ್ಗೆ ಬರೆದ ಮೇಲೆ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಇವಕ್ಕೆ ಸ್ಥಾನ ಸಿಕ್ಕಿತು. ಹೊಯ್ಸಳರ ಕಾಲದ ಶಿಲ್ಪ ನಮಗೆ ಬೇಕಾದಷ್ಟು ಉಳಿದಿದೆ. ಅದೇ ಕಾಲದ ಬಣ್ಣದ ಚಿತ್ರವನ್ನು ನೋಡಬೇಕೆಂದರೆ ಈ ಗರಿಗಳ ಬಳಿಗೇ ಹೋಗಬೇಕು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ 1066ರ ಒಂದು ಗ್ರೀಕ್ ಕೀರ್ತನೆಗಳ ಗ್ರಂಥವಿದೆ. ಅದನ್ನು ಕಾನ್‌ಸ್ಟಾಂಟಿನೋಪಲ್‌ನ ಸ್ಟೂಡಿಯೋಸ್ ಮಠದಲ್ಲಿ ಥಿಯೊಡೋರ್ ಎಂಬ ಸನ್ಯಾಸಿ ತನ್ನ ಮಠಾಧಿಪತಿಗಾಗಿ ಬರೆದ. ಅದರಲ್ಲಿ 400ಕ್ಕೂ ಹೆಚ್ಚು ಚಿತ್ರಗಳು ಪುಟದ ಅಂಚಿನಲ್ಲಿವೆ. ಯಾವ ಚಿತ್ರ ಯಾವ ಸಾಲಿನದು ಎಂದು ತೋರಿಸಲು ಚಿತ್ರದಿಂದ ಸಾಲಿಗೆ ಸಣ್ಣ ಗೆರೆ ಎಳೆದಿದ್ದಾರೆ. ಅಲ್ಲಿ ಚಿತ್ರ ಪಾಠವನ್ನು ವಿವರಿಸುತ್ತದೆ. ಧವಳದಲ್ಲಿ ಹಾಗಿಲ್ಲ. ಧವಳ ಕಥೆಯ ಗ್ರಂಥವಲ್ಲ. ಜೀವದ ಏರಿಕೆಯ ಮೆಟ್ಟಿಲುಗಳಾದ ಗುಣಸ್ಥಾನಗಳು, ಕರ್ಮದ ಪ್ರಕೃತಿಗಳು, ಬಂಧದ ಬಗೆಗಳು ಅದರ ವಿಷಯ. ಲೆಕ್ಕವಿಲ್ಲದಷ್ಟು ದೊಡ್ಡ ಸಂಖ್ಯೆಗಳನ್ನು ಎಣಿಸುವ ಗಣಿತವೂ ಅದರಲ್ಲಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಅರ್ಧಚ್ಛೇದದ ಲೆಕ್ಕವನ್ನು ಗಣಿತದ ಚರಿತ್ರೆಕಾರರು ಇಂದು ಆಸಕ್ತಿಯಿಂದ ಓದುತ್ತಾರೆ. ಇದನ್ನೆಲ್ಲ ಚಿತ್ರದಲ್ಲಿ ತೋರಿಸುವುದು ಆಗುವ ಮಾತಲ್ಲ. ಹಾಗಾದರೆ ಬಾಹುಬಲಿ, ಪಾರ್ಶ್ವನಾಥರು ಈ ಗರಿಗಳಿಗೆ ಏಕೆ ಬಂದರು? ನನ್ನ ಅಭಿಪ್ರಾಯದಲ್ಲಿ ಇಲ್ಲಿಯ ಚಿತ್ರ ಪಾಠದ ವಿವರಣೆಯಲ್ಲ, ಪಾಠಕ್ಕೆ ಸಲ್ಲಿಸಿದ ಪೂಜೆ. ಜಿನಬಿಂಬಕ್ಕೆ ಸಲ್ಲುವ ಗೌರವವೇ ಜಿನವಾಣಿಗೂ ಸಲ್ಲಬೇಕೆಂದು ಬಗೆದವರು ಅಕ್ಷರಗಳ ನಡುವೆ ಬಿಂಬವನ್ನು ಕೂರಿಸಿದರು.

ಹಾಗೆ ಬಗೆದವರು ಯಾರು ಎಂಬ ಪ್ರಶ್ನೆ ನಮ್ಮನ್ನು ಎರಡನೆಯ ವಿಷಯಕ್ಕೆ ಕರೆದೊಯ್ಯುತ್ತದೆ.

ಮೊದಲು ಗ್ರಂಥದ ವಂಶವನ್ನು ಸಂಕ್ಷೇಪವಾಗಿ ಹೇಳಬೇಕು. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಶ್ರುತಜ್ಞಾನ ಅಳಿದುಹೋಗಬಾರದೆಂದು, ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡು ಕಲಿಸಿದರೆಂದು ಪರಂಪರೆ ಹೇಳುತ್ತದೆ. ಆ ಇಬ್ಬರು ಪುಷ್ಪದಂತ ಮತ್ತು ಭೂತಬಲಿ. ಅವರು ಪ್ರಾಕೃತದಲ್ಲಿ ರಚಿಸಿದ್ದು ಷಟ್ಖಂಡಾಗಮ. ಅದಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನ ಧವಳ, 72,000 ಶ್ಲೋಕಗಳ ಗಾತ್ರದ್ದು. ಗುಣಧರರ ಕಷಾಯಪಾಹುಡಕ್ಕೆ ವೀರಸೇನರು ಆರಂಭಿಸಿದ ಜಯಧವಳವನ್ನು ಅವರ ಶಿಷ್ಯ ಜಿನಸೇನರು ಅಮೋಘವರ್ಷನ ಆಳಿಕೆಯಲ್ಲಿ, 837ರಲ್ಲಿ ಮುಗಿಸಿದರು. ಷಟ್ಖಂಡದ ಕೊನೆಯ ಖಂಡ ಮಹಾಬಂಧ, ಜನರ ಬಾಯಲ್ಲಿ ಮಹಾಧವಳ. ಈ ಮೂರೂ ಮೂಡುಬಿದಿರೆಯಲ್ಲಿವೆ. ಇವು ಇರುವ ಕಾರಣದಿಂದಲೇ ಅಲ್ಲಿಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂತು.

ಧವಳದ ಪ್ರತಿಯ ಕೊನೆಯಲ್ಲಿ ದಾನದ ಬರಹವಿದೆ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕ ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯಲ್ಲಿ ಈ ಗ್ರಂಥವನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಆ ಶುಭಚಂದ್ರರು 1123ರಲ್ಲಿ ದೇಹಬಿಟ್ಟರೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಪ್ರತಿಯ ಕಾಲವನ್ನು ಗುರುತಿಸಲು ಕಲ್ಲಿನ ಬರಹ ಗರಿಯ ಬರಹಕ್ಕೆ ಹೀಗೆ ಸಾಕ್ಷಿಯಾಯಿತು. ಮಹಾಬಂಧದ ಪ್ರತಿಯನ್ನು ಬರೆಸಿದವಳೂ ಒಬ್ಬ ಹೆಣ್ಣುಮಗಳು. ಶಾಂತಿಸೇನನ ಮಡದಿ ಮಲ್ಲಿಕಬ್ಬೆ ಶ್ರೀಪಂಚಮಿಯ ನೋಂಪಿ ಮುಗಿಸಿ, ಬರೆಸಿದ ಗ್ರಂಥವನ್ನು ಮಾಘನಂದಿ ಮುನಿಗಳಿಗೆ ಕೊಟ್ಟಳು.

ಶ್ರುತಪಂಚಮಿ ಜ್ಯೇಷ್ಠ ಶುದ್ಧ ಪಂಚಮಿಯ ದಿನ. ಷಟ್ಖಂಡಾಗಮವನ್ನು ಬರಹಕ್ಕೆ ಇಳಿಸಿ ಪೂಜಿಸಿದ ದಿನವೆಂದು ಜೈನರು ಅದನ್ನು ಆಚರಿಸುತ್ತಾರೆ. ಆ ವ್ರತದ ಫಲವಾಗಿ ಅದೇ ಗ್ರಂಥವನ್ನು ಮತ್ತೆ ಬರೆಸುವುದೆಂದರೆ ಮೊದಲ ಬರಹದ ಕೆಲಸದಲ್ಲಿ ತಾನೂ ಪಾಲು ಪಡೆದಂತೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಕನ್ನಡನಾಡಿನಲ್ಲಿ ಈ ದಾನಕ್ಕೆ ಇವರಿಗಿಂತ ಹಿಂದೆಯೇ ದಾರಿ ತೋರಿದವಳು ಲಕ್ಕುಂಡಿಯ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಕೀರ್ತಿ ಅವಳದು. ರನ್ನ 993ರಲ್ಲಿ ಅಜಿತಪುರಾಣವನ್ನು ಬರೆದದ್ದು ಅವಳ ಆಶ್ರಯದಲ್ಲಿಯೇ. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಕವಿಗಳ ಹೆಸರು ಮುಂದೆ ಬರುತ್ತದೆ, ಅರಸರ ಹೆಸರು ಅದರ ಪಕ್ಕದಲ್ಲಿ ಇರುತ್ತದೆ. ಪ್ರತಿಗೆ ಖರ್ಚು ಮಾಡಿದವರನ್ನು, ಗರಿ ಹದಮಾಡಿದವರನ್ನು, ಕಣ್ಣು ಸೋಲುವವರೆಗೆ ಬರೆದವರನ್ನು ಕೇಳುವವರು ಕಡಿಮೆ. ಗ್ರಂಥ ಉಳಿದದ್ದು ಮಾತ್ರ ಅವರಿಂದಲೇ. ದೇಮಿಯಕ್ಕ, ಮಲ್ಲಿಕಬ್ಬೆಯರ ಹೆಸರನ್ನು ಶಾಲೆಯ ಮಕ್ಕಳೂ ತಿಳಿದಿರಬೇಕೆಂದು ನಾನು ಬಯಸುತ್ತೇನೆ.

ಇನ್ನು ಮೂರನೆಯ ವಿಷಯ: ಈ ಗ್ರಂಥ ಓದುಗರ ಕೈಗೆ ಬಂದ ಬಗೆ.

ಶತಮಾನಗಳ ಕಾಲ ಮೂಡುಬಿದಿರೆಯ ಜನ ಈ ಗರಿಗಳನ್ನು ಜೀವದಂತೆ ಕಾದರು. ಅದಕ್ಕೆ ನಾವು ಋಣಿಗಳು. ಯಾತ್ರಿಕರು ಬಂದು ಸಿದ್ಧಾಂತ ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದಿ ಅರ್ಥ ಮಾಡಿಕೊಳ್ಳುವ ಪಾಠ ಮಾತ್ರ ನಿಂತುಹೋಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರಿಗೆ, ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ಗರಿಗಳ ಸ್ಥಿತಿ ಕಂಡು ಕಳವಳವಾಯಿತು. ಗರಿಗಳು ಒಣಗಿ ಮುರಿಯುತ್ತಿದ್ದವು, ಮೂಡುಬಿದಿರೆಯ ಹೊರಗೆ ಬೇರೆ ಪ್ರತಿ ತಿಳಿದಿರಲಿಲ್ಲ. 1896ರಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮಿರಜದ ಗಜಪತಿ ಉಪಾಧ್ಯಾಯರು ಅದಕ್ಕೆ ಕುಳಿತರು. ಮೂರೂ ಗ್ರಂಥಗಳ ಪ್ರತಿಗಳು ಮುಗಿದದ್ದು 1922ಕ್ಕೆ.

ಪ್ರತಿಗಳು ಊರು ಬಿಟ್ಟು ಹೋಗಬಾರದೆಂಬುದು ಅಲ್ಲಿಯ ಹಿರಿಯರ ಇಚ್ಛೆಯಾಗಿತ್ತು. ಆದರೆ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನೂ ಮಾಡಿಕೊಂಡರು. ಅವರ ಪತ್ನಿ ಲಕ್ಷ್ಮೀಬಾಯಿ ಮನೆಯಲ್ಲಿ ಕುಳಿತು ಅದರಲ್ಲಿ ಕೈಜೋಡಿಸಿದರು. ದೇಮಿಯಕ್ಕ ಕೊಡಿಸಿದ ಗ್ರಂಥಕ್ಕೆ ಎಂಟುನೂರು ವರ್ಷಗಳ ಮೇಲೆ ಮತ್ತೊಬ್ಬ ಹೆಣ್ಣುಮಗಳ ಕೈ ಒದಗಿತು. ಆ ಪ್ರತಿ ಉತ್ತರ ಭಾರತದ ಸಹಾರನಪುರಕ್ಕೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿ ಉಳಿಸಿಕೊಂಡರು. ಅದರಿಂದ ಬೇರೆ ಬೇರೆ ಊರುಗಳಿಗೆ ಪ್ರತಿಗಳು ಹರಡಿದವು. ಅವುಗಳ ಆಧಾರದ ಮೇಲೆ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಧವಳದ ಮೊದಲ ಸಂಪುಟವನ್ನು ಅಚ್ಚುಮಾಡಿಸಿದರು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳು ಪೂರ್ತಿಯಾದವು. ಅವರಿಗೆ ಬೆನ್ನೆಲುಬಾಗಿ ನಿಂತ ವಿದ್ವಾಂಸರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದ ಡಾ. ಆ. ನೇ. ಉಪಾಧ್ಯೆ ಒಬ್ಬರು.

ಅನುಮತಿಯಿಲ್ಲದೆ ಪ್ರತಿ ಮಾಡಿದ್ದು ಸರಿಯೇ ಎಂದು ಕೇಳಬಹುದು. ಅದು ಹಿರಿಯರ ಇಚ್ಛೆಗೆ ವಿರುದ್ಧವಾಗಿತ್ತು ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಅಂಥ ದಾರಿ ಹಿಡಿಯಬೇಕಾಗಿ ಬಂದದ್ದು ಏಕೆ ಎಂಬುದನ್ನೂ ಯೋಚಿಸಬೇಕು. ಕಾವಲಿನ ಜೊತೆಗೆ ಓದಿಗೂ ಬಾಗಿಲು ತೆರೆದಿದ್ದರೆ ಗುಟ್ಟಿನ ಅಗತ್ಯವೇ ಬೀಳುತ್ತಿರಲಿಲ್ಲ. ಮುಂದೆ ಮೂಡುಬಿದಿರೆಯವರೇ ಸಂಪಾದಕರಿಗೆ ನೆರವಾದರು, ಮೂಲ ಗರಿಗಳಿಂದ ಪಾಠಗಳನ್ನು ಹೋಲಿಸಿ ನೋಡಲು ಒಪ್ಪಿದರು. ಆಗ ನಡೆದ ಒಂದು ಸಂಗತಿಯನ್ನು ನಾನು ವಿಶೇಷವಾಗಿ ಹೇಳಬೇಕು.

ಧವಳದ ಮೊದಲ ಭಾಗವಾದ ಸತ್ಪ್ರರೂಪಣೆಯ 93ನೆಯ ಸೂತ್ರ ಸ್ತ್ರೀಯರು ಯಾವ ಯಾವ ಗುಣಸ್ಥಾನಗಳನ್ನು ಏರಬಲ್ಲರು ಎಂಬ ವಿಷಯದ್ದು. ಪ್ರತಿಯಿಂದ ಪ್ರತಿಗೆ ಇಳಿದು ಬಂದ ಪಾಠದಲ್ಲಿ ಮುನಿಸಂಯಮವನ್ನು ಸೂಚಿಸುವ ‘ಸಂಜದ’ ಎಂಬ ಪದ ಇರಲಿಲ್ಲ. ಆದರೆ ಸೂತ್ರದ ಮುಂದಿನ ವ್ಯಾಖ್ಯಾನವನ್ನು ನೋಡಿದರೆ ಆ ಪದ ಅಲ್ಲಿರಲೇಬೇಕು ಎಂದು ಸಂಪಾದಕರಿಗೆ ತೋರಿತು. ಅವರು ಅದನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದೊಡ್ಡ ವಿವಾದವೇ ಎದ್ದಿತು. ಸ್ತ್ರೀಯರ ಮೋಕ್ಷದ ಬಗ್ಗೆ ದಿಗಂಬರರಿಗೂ ಶ್ವೇತಾಂಬರರಿಗೂ ಇರುವ ಹಳೆಯ ಭಿನ್ನಾಭಿಪ್ರಾಯಕ್ಕೆ ಅದು ತಾಗುತ್ತಿತ್ತು. ಕೊನೆಗೆ ಮೂಡುಬಿದಿರೆಯ ತಾಳೆಗರಿಯನ್ನು ನೋಡಿದಾಗ ಆ ಪದ ಅಲ್ಲಿತ್ತು. ಸೂತ್ರದ ಅರ್ಥವನ್ನು ಪರಂಪರೆಯ ಪಂಡಿತರು ತಮ್ಮ ಸಿದ್ಧಾಂತಕ್ಕೆ ಹೊಂದುವಂತೆ ಭಾವಸ್ತ್ರೀಯನ್ನು, ಎಂದರೆ ದೇಹದಿಂದ ಪುರುಷರಾಗಿದ್ದು ಭಾವದಿಂದ ಸ್ತ್ರೀಯಾದವರನ್ನು, ಕುರಿತದ್ದೆಂದು ವಿವರಿಸುತ್ತಾರೆ. ಆ ಚರ್ಚೆ ಅವರದು. ಹಸ್ತಪ್ರತಿಯ ದೃಷ್ಟಿಯಿಂದ ನಾವು ಕಲಿಯಬೇಕಾದದ್ದು ಇಷ್ಟು: ಪ್ರತಿ ಮಾಡುವಾಗ ಪದ ಬಿದ್ದುಹೋಗುತ್ತದೆ, ಅದನ್ನು ತಿದ್ದಲು ಮೂಲ ಇರಲೇಬೇಕು. ಮೂಲ ಎಷ್ಟೇ ಭದ್ರವಾಗಿದ್ದರೂ ಪ್ರತಿಗಳು ಹೊರಗೆ ಬರದಿದ್ದರೆ ಆ ಪದದ ಬಗ್ಗೆ ಕೇಳುವವರೇ ಹುಟ್ಟುತ್ತಿರಲಿಲ್ಲ. ಕಾವಲೂ ಪ್ರತಿಯೂ ಒಂದೇ ಧರ್ಮವೆಂದು ನಾನು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಈಗ ಕೊನೆಯ ವಿಷಯಕ್ಕೆ ಬರೋಣ. ಇಂಥ ಗ್ರಂಥ ಎಲ್ಲಿರಬೇಕು?

ಥಿಯೊಕ್ಟಿಸ್ಟೋಸ್ ಬರೆದ ಹೊಸ ಒಡಂಬಡಿಕೆ ಗ್ರೀಸ್ ದೇಶದ ಆಥೋಸ್ ಪರ್ವತದ ಡಿಯೊನಿಸಿಯು ಮಠಕ್ಕೆ ಸೇರಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಸ್ಥಾಪನೆಯಾದ ಆ ಮಠಕ್ಕಿಂತಲೂ ಗ್ರಂಥವೇ ಹಳೆಯದು. ಕಳೆದ ಶತಮಾನದ ನಡುಭಾಗದಲ್ಲಿ ಅದು ಮಠದಿಂದ ಕಾಣೆಯಾಯಿತು. ಒಂದು ಖಾಸಗಿ ಸಂಗ್ರಹದ ಭಾಗವಾಗಿ 1983ರಲ್ಲಿ ಅಮೆರಿಕದ ಗೆಟ್ಟಿ ಮ್ಯೂಸಿಯಂ ಅದನ್ನು ಕೊಂಡಿತು. ಗ್ರಂಥ ಮಠದ್ದೆಂದು ದಾಖಲೆಗಳಿಂದ ಖಚಿತವಾದ ಮೇಲೆ 2014ರಲ್ಲಿ ಮ್ಯೂಸಿಯಂ ಅದನ್ನು ಗ್ರೀಸಿಗೆ ಹಿಂದಿರುಗಿಸಿತು. ಅದು ನ್ಯಾಯವಾದ ಕೆಲಸ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಅದನ್ನು ಯಾರು ಬೇಕಾದರೂ ನೋಡಬಹುದಿತ್ತು, ಆಥೋಸ್ ಪರ್ವತಕ್ಕೆ ಮಹಿಳೆಯರಿಗೆ ಪ್ರವೇಶವಿಲ್ಲ. ಹಾಗೆಂದು ಕಳುವಾದ ವಸ್ತುವನ್ನು ಇಟ್ಟುಕೊಳ್ಳುವುದು ಸರಿಯಾಗುವುದಿಲ್ಲ. ಗ್ರಂಥ ಅದರ ಮನೆಯಲ್ಲಿರಬೇಕು, ಅದರ ಛಾಯಾಚಿತ್ರದ ಪ್ರತಿ ಎಲ್ಲರ ಮುಂದಿರಬೇಕು. ಮನೆಯ ಹಕ್ಕು, ಓದುಗರ ಹಕ್ಕು ಎರಡನ್ನೂ ಗೌರವಿಸಲು ನಮ್ಮ ಕಾಲದಲ್ಲಿ ಉಪಾಯವಿದೆ.

ಮನೆಯನ್ನೇ ಕಳೆದುಕೊಂಡವರು ಗ್ರಂಥವನ್ನು ಹೇಗೆ ಉಳಿಸಿಕೊಂಡರೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮುಂಡಗೋಡಿನ ಟಿಬೆಟನ್ ವಸಾಹತು 1966ರಲ್ಲಿ ಆರಂಭವಾಯಿತು. 1409ರಲ್ಲಿ ಲಾಸಾದ ಬಳಿ ಸ್ಥಾಪನೆಯಾದ ಗಾಂದೆನ್, 1416ರಲ್ಲಿ ಸ್ಥಾಪನೆಯಾದ ದ್ರೆಪುಂಗ್ ಮಠಗಳು ನಮ್ಮ ತಾಲ್ಲೂಕಿನಲ್ಲಿ ಮರುಹುಟ್ಟು ಪಡೆದವು. ಅಲ್ಲಿಯ ಗ್ರಂಥಗಳ ಆಕಾರವನ್ನು ನೋಡಿ. ಉದ್ದನೆಯ ಬಿಡಿ ಹಾಳೆಗಳು, ಮೇಲೆ ಕೆಳಗೆ ಮರದ ಹಲಗೆ, ಸುತ್ತ ಬಟ್ಟೆ. ಟಿಬೆಟಿನಲ್ಲಿ ತಾಳೆಮರ ಬೆಳೆಯುವುದಿಲ್ಲ. ಭಾರತದಿಂದ ಹೋದ ಬೌದ್ಧ ಗ್ರಂಥಗಳ ಓಲೆಗರಿಯ ಆಕಾರವನ್ನು ಅವರು ಕಾಗದದಲ್ಲಿ ಉಳಿಸಿಕೊಂಡರು. ನೂರಕ್ಕೂ ಹೆಚ್ಚು ಸಂಪುಟಗಳ, ಬುದ್ಧವಚನದ ಸಂಗ್ರಹವಾದ ಕಾಂಗ್ಯುರ್ ಅನ್ನು ಮರದ ಅಚ್ಚುಗಳಲ್ಲಿ ಕೆತ್ತಿ ಮುದ್ರಿಸಿದರು. ಪುಣ್ಯಕಾರ್ಯಕ್ಕೆಂದು ಕಪ್ಪುನೀಲಿ ಕಾಗದದ ಮೇಲೆ ಚಿನ್ನದ ಅಕ್ಷರಗಳಲ್ಲಿ ಬರೆಸಿದ ಪ್ರತಿಗಳೂ ಅವರ ಪರಂಪರೆಯಲ್ಲಿವೆ. ಅವರ ಮಠಗಳಲ್ಲಿ ಗ್ರಂಥ ಪೂಜೆಗೂ ಇದೆ, ಬಾಯಿಪಾಠಕ್ಕೂ ಇದೆ, ಅಂಗಳದ ವಾದವಿವಾದಕ್ಕೂ ಇದೆ. ಗ್ರಂಥ ಬದುಕಿರುವುದೆಂದರೆ ಇದು.

ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಗ್ರಂಥಗಳ ನಾಡು. ಸೋಂದೆಯ ಮಠಗಳಿಂದ ಹಾಡುವಳ್ಳಿಯವರೆಗೆ ಜೈನ, ವೈದಿಕ ಪರಂಪರೆಗಳ ವಿದ್ಯೆ ಇಲ್ಲಿ ಬೆಳೆಯಿತು. ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದು 1604ರಲ್ಲಿ ಶಬ್ದಾನುಶಾಸನವನ್ನು ಕೊಟ್ಟ ಭಟ್ಟಾಕಳಂಕದೇವ ಹಾಡುವಳ್ಳಿಯ ಪರಂಪರೆಯವನು. ಮಠ, ಬಸದಿ, ದೇವಸ್ಥಾನಗಳಲ್ಲಿ ಅಷ್ಟೇ ಅಲ್ಲ, ಮನೆಗಳ ಅಟ್ಟದ ಮೇಲೆಯೂ ಓಲೆಗರಿಯ ಕಟ್ಟುಗಳಿರುತ್ತವೆ. ವೈದ್ಯ, ಜ್ಯೋತಿಷ್ಯ, ಯಕ್ಷಗಾನ ಪ್ರಸಂಗ, ಜಮೀನಿನ ಲೆಕ್ಕ, ಏನು ಬೇಕಾದರೂ ಅದರಲ್ಲಿರಬಹುದು. ಓದಲು ಬಾರದೆಂದು ಅವನ್ನು ಹೊಳೆಗೆ ಬಿಡುವ ರೂಢಿಯಿಂದ ನಾವು ಕಳೆದುಕೊಂಡದ್ದು ಬಹಳ. ದಯವಿಟ್ಟು ಹೊಳೆಗೆ ಬಿಡಬೇಡಿ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಅಡುಗೆಯ ಎಣ್ಣೆ ಹಚ್ಚಬೇಡಿ. ತೇವವಿಲ್ಲದ ಕಡೆ, ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳನ್ನು ಬಲ್ಲವರಿದ್ದಾರೆ, ಅದು ಇಲ್ಲಿಗೆ ದೂರವೂ ಅಲ್ಲ. ಕಟ್ಟು ನಿಮ್ಮ ಮನೆಯಲ್ಲಿಯೇ ಇರಲಿ, ಅದರ ಛಾಯಾಚಿತ್ರವನ್ನು ಮಾತ್ರ ಓದಬಲ್ಲವರಿಗೆ ಕೊಡಿ. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡನಾಡಿನ ತಾಡಪತ್ರ ಗ್ರಂಥಗಳ ಸೂಚಿಯನ್ನು 1948ರಲ್ಲಿ ಪ್ರಕಟಿಸಿದರು. ಆ ಬಗೆಯ ಒಂದು ಸೂಚಿ ಮುಂಡಗೋಡ, ಹಳಿಯಾಳ, ಜೊಯಿಡಾ, ದಾಂಡೇಲಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೂ ಆಗಲಿ. ಇಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿಗಳು ಅಧ್ಯಾಪಕರ ಜೊತೆಗೂಡಿ ಅದನ್ನು ಮಾಡಬಲ್ಲರು.

ನನ್ನ ಮಾತನ್ನು ಮುಗಿಸುತ್ತೇನೆ. ಈ ದತ್ತಿಯನ್ನು ಕೊಟ್ಟ ಕುಟುಂಬದವರು ವಿದ್ಯೆಗಾಗಿ ಹಣ ಇಟ್ಟಿದ್ದಾರೆ. ಶಾಸ್ತ್ರದಾನದ ಪರಂಪರೆ ನಮ್ಮಲ್ಲಿ ನಿಂತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಒಂದು ಸಲಹೆಯನ್ನು ಗೌರವದಿಂದ ಮುಂದಿಡುತ್ತೇನೆ: ಪ್ರತಿ ವರ್ಷದ ಉಪನ್ಯಾಸದ ಜೊತೆಗೆ, ಈ ಭಾಗದ ಒಂದು ಹಳೆಯ ಕಟ್ಟಿನ ಪ್ರತಿ ಮಾಡಿಸಿ, ಕೊಟ್ಟವರ ಮತ್ತು ಓದಿದವರ ಹೆಸರಿನೊಡನೆ ಸಾರ್ವಜನಿಕ ಗ್ರಂಥಾಲಯದಲ್ಲಿ ಇಡುವಂತಾಗಲಿ. ಓದುವ ಕೆಲಸದಲ್ಲಿ ನನ್ನಿಂದಾಗುವ ನೆರವನ್ನು ನಾನು ಕೊಡುತ್ತೇನೆ.